ಎಂಟು ತುಂಡಿನ ಸಾಕ್ಷಿ

ಜನವರಿ 21, ಬುಧವಾರ

ಕೋಳಿ ಆಹಾರದ ಕಂಪನಿಯವರು ಪ್ರತಿ ವರ್ಷ ಒಂದು ಡೈರಿ ಕೊಡುತ್ತಾರೆ. ಇಲ್ಲಿಯವರೆಗೆ ಅದರ ಹಾಳೆ ಹರಿದು ಮಿರ್ಚಿಯ ಎಣ್ಣೆ ಹಿಂಗಿಸಿದ್ದೇ ಹೆಚ್ಚು. ಈ ವರ್ಷ ಬರೆಯಲು ಕೂತಿದ್ದೇನೆ, ಯಾಕೆಂದರೆ ಮಾಡಲು ಬೇರೆ ಕೆಲಸವಿಲ್ಲ. ಕಸ್ತೂರಮ್ಮ ಕೆಲಸವಿಲ್ಲದೆ ಕೂತಿದ್ದಾಳೆ ಎಂದರೆ ಕೆ.ಬಿ. ಬಡಾವಣೆಯಲ್ಲಿ ಯಾರೂ ನಂಬುವುದಿಲ್ಲ.

ನಿನ್ನೆ ಸಂಜೆಗೆ ನಮ್ಮ ಆರು ಸಾವಿರ ಕೋಳಿಗಳೂ ಮುಗಿದವು. ತಾವಾಗಿ ಸತ್ತವು ಎಂಟುನೂರು. ಉಳಿದವನ್ನು ಸರ್ಕಾರದವರು ಮೈತುಂಬ ಬಿಳಿ ಅಂಗಿ ತೊಟ್ಟು ಬಂದು ಕೊಂದು, ಶೆಡ್ಡಿನ ಹಿಂದೆ ಜೆಸಿಬಿಯಲ್ಲಿ ತೋಡಿಸಿದ ಗುಂಡಿಗೆ ಸುಣ್ಣದ ಜೊತೆ ಹಾಕಿ ಮುಚ್ಚಿದರು. ಹಕ್ಕಿಜ್ವರ. ಭೋಪಾಲದ ಲ್ಯಾಬಿನಿಂದ ಬಂದ ಕಾಗದದಲ್ಲಿ ಎಚ್ ಐದು ಎನ್ ಒಂದು ಎಂದಿತ್ತು. ಒಂದು ಕಿಲೋಮೀಟರ್ ಒಳಗಿದ್ದ ತಪ್ಪಿಗೆ ಪಕ್ಕದ ಮಾಲತೇಶಪ್ಪನವರ ಒಂಬತ್ತು ಸಾವಿರ ಕೋಳಿಗಳನ್ನೂ ಕೊಂದರು. ಅವು ಒಂದು ದಿನ ಮಂಕಾಗಿ ಕೂತಿದ್ದೂ ಇಲ್ಲ. ಮಾಲತೇಶಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದರು, ನಾನು ಆ ಕಡೆ ತಿರುಗಲಿಲ್ಲ.

ಸತ್ತ ಕೋಳಿಗಳನ್ನು ಮುಟ್ಟಿದವರು ಹತ್ತು ದಿನ ಯಾರ ಜೊತೆಗೂ ಬೆರೆಯಬಾರದಂತೆ. ಮುಟ್ಟಿದವರು ಇಬ್ಬರೇ: ನಾನು ಮತ್ತು ಹದಿನೈದು ವರ್ಷದಿಂದ ಶೆಡ್ಡಿನಲ್ಲಿ ಕೆಲಸ ಮಾಡುವ ಬಾತಿಯ ಭೀಮವ್ವ. ಹಾಗಾಗಿ ಬಾತಿ ದಾಟಿ ಹರಿಹರದ ದಾರಿಯಲ್ಲಿರುವ ಈ ಫಾರಂನಲ್ಲೇ ನಮ್ಮ ವಾಸ. ನಾನು ಕೋಣೆಯಲ್ಲಿ, ಅವಳು ಹೊರಗೆ ಜಗುಲಿಯ ಮೇಲೆ. ಕೆಲಸದವರು ಅಲ್ಲಿರುವುದೇ ವಾಡಿಕೆ. ಮಗ ಕೊಟ್ಟೂರೇಶ ಮನೆಯಿಂದ ಬುತ್ತಿ ತಂದು ಗೇಟಿನ ಹತ್ತಿರ ಇಟ್ಟು ಹೋಗುತ್ತಾನೆ.

ನಮ್ಮದು ಮೊಟ್ಟೆ ತಿನ್ನದ ಮನೆ. ಹದಿನೆಂಟು ವರ್ಷ ಮೊಟ್ಟೆ ಮಾರಿದ್ದೇವೆ, ಅದರ ರುಚಿ ಏನೆಂದು ನನ್ನಾಣೆ ಗೊತ್ತಿಲ್ಲ. ಫಾರಂನಿಂದ ಮನೆಗೆ ಹೋದರೆ ಹಿತ್ತಲಲ್ಲೇ ಸ್ನಾನ, ಸೀರೆ ಬದಲು, ಚಪ್ಪಲಿ ಬೇರೆ. ಆಮೇಲೆಯೇ ಹೊಸಿಲು ದಾಟಿ ಲಿಂಗಪೂಜೆ. ಇಷ್ಟು ಚೊಕ್ಕಟವಾಗಿರುವವರ ಫಾರಂಗೆ ಈ ರೋಗ ಎಲ್ಲಿಂದ ಬಂತು? ಯಾರದೋ ಕೊಳಕು ನಮ್ಮ ತಲೆಗೆ ಬಂತು. ನಮ್ಮವರು ಇದನ್ನು ನೋಡಲು ಇಲ್ಲವಲ್ಲ, ಅದೊಂದಕ್ಕೆ ಶಿವನಿಗೆ ಶರಣು.

ಜನವರಿ 22, ಗುರುವಾರ

ಪಶು ಆಸ್ಪತ್ರೆಯ ಸುನೀತಾ ಡಾಕ್ಟರು ಬಂದಿದ್ದರು. ಸಣ್ಣ ವಯಸ್ಸು, ದೊಡ್ಡ ತಾಳ್ಮೆ. ಗೇಟಿನ ಆಚೆ ನಿಂತು, ಮಾಸ್ಕ್ ಹಾಕಿಕೊಂಡೇ, ಒಂದು ಫಾರ್ಮ್ ತುಂಬಿದರು.

“ಅಮ್ಮಾ, ಹಿಂದಿನ ಮೂರು ವಾರದಾಗೆ ಹೊರಗಿನಿಂದ ಯಾರ್ಯಾರು ಬಂದಿದ್ರು?”

“ಮೊಟ್ಟೆ ಗಾಡಿ ನೌಮಾನ್ ಬಿಟ್ರೆ ಇನ್ನ್ಯಾರೂ ಇಲ್ರಿ.”

“ಪಕ್ಕದ ಕೆರೆ ನೀರೇನಾದ್ರೂ ಬಳಸ್ತೀರಾ?”

“ನಮ್ಮದು ಬೋರ್ ನೀರು. ಕೆರೆಗೂ ನಮಗೂ ಏನೂ ಸಂಬಂಧ ಇಲ್ಲ.”

ಭೀಮವ್ವ ಅಂಗಳ ಗುಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಬಾಯಾರಿಕೆ ಆಗಿರಬೇಕು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ಹರಿಹರದಲ್ಲಿ ನೌಮಾನನ ತಾಯಿ ಸುಗ್ರಾಬಿ ಹಿತ್ತಲಲ್ಲಿ ಹನ್ನೊಂದು ನಾಟಿ ಕೋಳಿ ಸಾಕಿದ್ದಳು, ಅವೂ ಸತ್ತಿವೆಯಂತೆ. ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ವಾರಕ್ಕೆರಡು ಸಲ ಬಂದು ಮೊಟ್ಟೆ ತುಂಬಿಕೊಂಡು, ಹಿಂದಿನ ಸಲದ ಖಾಲಿ ಟ್ರೇಗಳನ್ನು ನಮ್ಮ ಶೆಡ್ಡಿಗೆ ತಂದಿಡುವವನು ಅವನೇ. ಅವನ ಮನೆಯಲ್ಲಿ ರೋಗ, ಅವನ ಟ್ರೇಯಲ್ಲಿ ರೋಗ, ನಮ್ಮ ಶೆಡ್ಡಿನಲ್ಲಿ ರೋಗ.

“ಅವನೇ ತಂದಿದ್ದು, ಬರ್ಕೊಳ್ರಿ” ಎಂದೆ. ಮಧ್ಯಾಹ್ನ ಮಾಲತೇಶಪ್ಪನವರಿಗೂ ಫೋನ್ ಮಾಡಿ ಅದನ್ನೇ ಹೇಳಿದೆ. ಕಾರಣ ತಿಳಿಯಿತಲ್ಲ, ದೇವರು ದೊಡ್ಡವನು.

ಜನವರಿ 24, ಶನಿವಾರ

ಬೆಳಿಗ್ಗೆ ಭೀಮವ್ವ ಏಳಲಿಲ್ಲ. ಹೋಗಿ ನೋಡಿದರೆ ಗಡಗಡ ನಡುಗುತ್ತಿದ್ದಾಳೆ. ಜ್ವರ ನೂರಾ ಒಂದು.

ಆರೋಗ್ಯ ಇಲಾಖೆಯ ಇಬ್ಬರು ಬಂದು ಅವಳ ಮೂಗು, ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ತೆಗೆದರು, ಮಾತ್ರೆ ಕೊಟ್ಟರು. ಫಲಿತಾಂಶ ಬರುವವರೆಗೂ ಅವಳು ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಇರಬೇಕು, ಕೆಟ್ಟರೆ ಆಸ್ಪತ್ರೆಗೆ ಎಂದರು. ಇಲ್ಲಿ ಇರುವುದು ಒಂದೇ ಕೋಣೆ. ಅವಳನ್ನು ನನ್ನ ಮಂಚದ ಮೇಲೆ ಮಲಗಿಸಿ ನಾನು ಜಗುಲಿಗೆ ಬಂದೆ. ಡಾಕ್ಟರ ಅಪ್ಪಣೆ, ಮೀರುವ ಹಾಗಿಲ್ಲ.

ಗಂಜಿ ಮಾಡಿ ಕಿಟಕಿಯಲ್ಲಿ ಇಟ್ಟೆ. “ಅಮ್ಮಾರೆ, ನೀವ್ ಯಾಕ ಮಾಡಾಕ್ ಹೋದ್ರಿ” ಎಂದು ಅಳತೊಡಗಿದಳು. “ಸುಮ್ನ ಕುಡಿ, ಉಪ್ಪು ಹೆಚ್ಚಾಗೈತೆ, ಅದಕ್ಕೂ ಸೇರಿಸಿ ಅಳು” ಎಂದೆ.

ಇವಳಿಗೆ ಏನಾದರೂ ಆದರೆ ಬಾತಿಯಲ್ಲಿರುವ ಅವಳ ಗಂಡನಿಗೆ ಏನು ಹೇಳಲಿ? ಸತ್ತ ಕೋಳಿಗಳನ್ನು ಬರಿಗೈಯಲ್ಲಿ ಎತ್ತಿ ಹಾಕೆಂದು ಮೊದಲ ದಿನ ಹೇಳಿದವಳು ನಾನೇ. ಇವತ್ತು ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಜನವರಿ 26, ಸೋಮವಾರ

ಸುನೀತಾ ಡಾಕ್ಟರು ಆಸ್ಪತ್ರೆಯಲ್ಲಿ ಧ್ವಜ ಹಾರಿಸಿ ನೇರ ಇಲ್ಲಿಗೆ ಬಂದು, ಗೇಟಿನಿಂದಲೇ ಕೂಗಿದರು: “ಅಮ್ಮಾ, ಭೀಮವ್ವಂದು ನೆಗೆಟಿವ್! ಸಾದಾ ಜ್ವರ!”

ಹರಕೆ ಹೊರಲು ಬಾಯಿ ಬರಲಿಲ್ಲ. ಡಾಕ್ಟರಿಗೆ ಕೈ ಮುಗಿದೆ, ಆ ಕಡ್ಡಿ ಹಾಕಿ ತೆಗೆದ ಇಬ್ಬರಿಗೂ ಇಲ್ಲಿಂದಲೇ ಕೈ ಮುಗಿದೆ. ಅವರ ಹೆಸರು ಕೇಳಬೇಕಿತ್ತು.

ಕೊಟ್ಟೂರೇಶನ ಬುತ್ತಿ ಇವತ್ತು ಮಧ್ಯಾಹ್ನ ದಾಟಿದರೂ ಬರಲಿಲ್ಲ. ಭೀಮವ್ವ ಎದ್ದು ಮೂರು ಕಲ್ಲು ಹೂಡಿ ಜೋಳದ ರೊಟ್ಟಿ ಬಡಿದಳು, ಹಸಿ ಮೆಣಸಿನಕಾಯಿ ಸುಟ್ಟು ಉಪ್ಪಿನ ಜೊತೆ ಕುಟ್ಟಿದಳು. ಮೂರು ರೊಟ್ಟಿ ತಿಂದೆ. ನಮ್ಮ ಮನೆಯಲ್ಲಿ ಯಾರಿಗೂ ರೊಟ್ಟಿ ಇಷ್ಟು ತೆಳ್ಳಗೆ ಬರುವುದಿಲ್ಲ.

ಸೋಮವಾರದ ಹಕ್ಕಿ ದಾಸೋಹ ತಪ್ಪಿತು. ಇದು ನಮ್ಮವರು ಹಾಕಿಕೊಟ್ಟ ಪದ್ಧತಿ. ವಾರವಿಡೀ ಶೆಡ್ಡಿನಲ್ಲಿ ಚೆಲ್ಲಿದ ಕಾಳು ಗುಡಿಸಿ ಬಕೆಟ್ಟಿಗೆ ತುಂಬಿಕೊಂಡು, ಸೋಮವಾರ ಬೆಳಿಗ್ಗೆ ಕೆರೆಯ ಅಂಚಿಗೆ ಹೋಗಿ ಚೆಲ್ಲುವುದು. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಹೆಬ್ಬಾತುಗಳು ಕಾಲಬುಡಕ್ಕೆ ಬಂದು ತಿನ್ನುತ್ತವೆ. ಅವರು ಹೋದ ಮೇಲೂ ಆರು ವರ್ಷ ನಾನು ಒಂದು ವಾರ ತಪ್ಪಿಸಿಲ್ಲ. ಅಷ್ಟು ದೂರದಿಂದ ಬಂದ ಅತಿಥಿಗಳು ಇವತ್ತು ಉಪವಾಸ.

ಜನವರಿ 29, ಗುರುವಾರ

ನೌಮಾನ್ ಗೇಟಿಗೆ ಬಂದಿದ್ದ. ಗಾಡಿ ಇರಲಿಲ್ಲ, ಬಸ್ಸಿಳಿದು ನಡೆದು ಬಂದಿದ್ದ. ಮೂವತ್ತೈದರ ಗಂಡಸು, ಬೇಲಿಯ ತಂತಿ ಹಿಡಿದುಕೊಂಡು ಅಳುತ್ತಿದ್ದ.

“ಅಮ್ಮಾ, ನನ್ನಿಂದ ಆಯ್ತಂತೆ. ಟ್ರೇ ಸರಿಯಾಗಿ ತೊಳೀಲಿಲ್ಲೇನೋ. ನಿಮ್ಮ ಮನೆ ಅನ್ನ ತಿಂದೀನಿ, ನಿಮ್ಮ ಶೆಡ್ಡೇ ಖಾಲಿ ಮಾಡ್ಬಿಟ್ಟೆ. ಮಾಫ್ ಮಾಡ್ರಿ.”

ಬೈಯಬೇಕೆಂದು ಎಂಟು ದಿನದಿಂದ ಮಾತು ಜೋಡಿಸಿಟ್ಟಿದ್ದೆ. ಅವನ ಮುಖ ನೋಡಿ ಬೈಯಲಾಗಲಿಲ್ಲ. “ಹೋಗ್ಲಿ ಬಿಡಪ್ಪ, ಬೇಕಂತ ಯಾರೂ ಮಾಡಲ್ಲ. ನಾನು ಮಾಫ್ ಮಾಡೀನಿ” ಎಂದೆ. ಅವನು ನಿಂತಲ್ಲೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದ.

ಆರು ಸಾವಿರ ಕೋಳಿ ಕಳೆದುಕೊಂಡೂ ಕ್ಷಮಿಸುವ ಮನಸ್ಸು ಕೊಟ್ಟೆಯಲ್ಲ ಶಿವನೇ, ನಿನಗೆ ಶರಣು. ಭೀಮವ್ವನಿಗೆ ಹೇಳಿದೆ. ಅವಳು “ಹೂಂ” ಎಂದಳು, ಅಷ್ಟೇ. ಹೊಗಳುವುದು ಇವಳ ರಕ್ತದಲ್ಲೇ ಇಲ್ಲ.

ಜನವರಿ 31, ಶನಿವಾರ

ಹತ್ತು ದಿನ ಮುಗಿಯಿತು. ಕೊಟ್ಟೂರೇಶ ಕಾರು ತಂದ. ಭೀಮವ್ವನನ್ನು ಬಾತಿಯಲ್ಲಿ ಇಳಿಸಿ ಬಂದೆವು. ಮುಂದಿನ ಸೀಟಿನಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಅವಳಿಗಿನ್ನೂ ಸುಸ್ತು, ಅಲ್ಲೇ ಕೂರಿಸಿದೆ. ಕೊಟ್ಟೂರೇಶ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ, ಯಾಕೋ.

ದಾರಿಯಲ್ಲಿ ಸುದ್ದಿ ಹೇಳಿದ. ಮಾಲತೇಶಪ್ಪನವರೇ ನಮ್ಮ ಕಡೆಯ ಫಾರಂ ಮಾಲೀಕರ ಸಂಘಕ್ಕೆ ಅಧ್ಯಕ್ಷರು. ನೌಮಾನನ ಗಾಡಿಯನ್ನು ಇನ್ನು ಯಾವ ಫಾರಂನವರೂ ಒಳಗೆ ಬಿಡಬಾರದೆಂದು ಎಲ್ಲರಿಗೂ ಹೇಳಿದ್ದಾರಂತೆ. ನನ್ನ ಮಾತಿನ ಮೇಲೆ. ನಾನು ಕ್ಷಮಿಸಿದ್ದೇನೆ, ಆದರೆ ಅವರವರ ಜಾಗ್ರತೆ ಅವರಿಗೆ ಬೇಕಲ್ಲ.

ಹಿತ್ತಲಲ್ಲಿ ಎರಡು ಕೊಡ ಬಿಸಿನೀರು ಸುರಿದುಕೊಂಡು ಒಳಗೆ ಬಂದೆ.

ಫೆಬ್ರುವರಿ 9, ಸೋಮವಾರ

ಕೈ ಖಾಲಿ. ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಗುತ್ತದೆ, ಕಿವಿ ಕೋಳಿಯ ಸದ್ದಿಗೆ ಕಾಯುತ್ತದೆ. ಭೀಮವ್ವನಿಗೆ ಫೋನ್ ಮಾಡಿದೆ. ರೊಟ್ಟಿಗೆ ಹಿಟ್ಟು ಎಷ್ಟು ನಾದಬೇಕು ಎಂದು ಕೇಳುವ ನೆಪ. ಮುಕ್ಕಾಲು ಗಂಟೆ ಮಾತಾಡಿದೆವು.

ಫೆಬ್ರುವರಿ 15, ಭಾನುವಾರ

ಶಿವರಾತ್ರಿ. ಉಪವಾಸ. ಬೇಡಲು ಏನೂ ಹೊಳೆಯಲಿಲ್ಲ. ಭೀಮವ್ವ ಬದುಕಿದ್ದಾಳೆ, ಸಾಕು ಎಂದು ಎದ್ದು ಬಂದೆ.

ಮಾರ್ಚ್ 4, ಬುಧವಾರ

ನಿಧಾನವಾಗಿ ಬರೆಯುತ್ತೇನೆ. ಒಂದನ್ನೂ ಬಿಡಬಾರದು.

ಫಾರಂಗೆ ಹೋಗಿದ್ದೆ. ಖಾಲಿ ಶೆಡ್ಡಿಗೆ ಇನ್ನೊಮ್ಮೆ ಔಷಧಿ ಹೊಡೆಸುವುದಿತ್ತು, ಭೀಮವ್ವನೂ ಬಂದಿದ್ದಳು. ಸುನೀತಾ ಡಾಕ್ಟರು ಅದನ್ನು ನೋಡಲು ಬಂದವರು ಹೊರಡಲಿಲ್ಲ, ಜಗುಲಿಯ ಮೇಲೆ ಕೂತರು.

“ಅಮ್ಮಾ, ಭೋಪಾಲದಿಂದ ಇನ್ನೊಂದು ರಿಪೋರ್ಟ್ ಬಂದೈತೆ. ವೈರಸ್ಸಿನ ಒಳಗಿನ ಬರಹ ಪೂರಾ ಓದ್ಯಾರೆ. ನಿಮಗೆ ನಾನೇ ಹೇಳಬೇಕು ಅನ್ನಿಸ್ತು.”

ನೆಲದ ಮೇಲೆ ಸುಣ್ಣದ ಚೂರಿನಿಂದ ಎಂಟು ಗೆರೆ ಎಳೆದರು.

“ಇದರ ಬರಹ ಒಂದೇ ಉದ್ದಕ್ಕೆ ಇರಲ್ಲ, ಎಂಟು ತುಂಡಾಗಿ ಇರ್ತೈತೆ. ಒಂದೇ ಹಕ್ಕಿ ಮೈಯಾಗೆ ಎರಡು ಥರದ ವೈರಸ್ ಹೊಕ್ಕರೆ ತುಂಡುಗಳು ಅದಲು ಬದಲಾಗ್ತಾವೆ. ಹೊಸದಕ್ಕೆ ಇದರದು ಆರು, ಅದರದು ಎರಡು. ಅದಕ್ಕೇ ಹಕ್ಕಿಜ್ವರ ಅಂದ್ರೆ ಒಂದಲ್ಲ, ಎಷ್ಟೋ ಬಗೆ ಅದಾವೆ. ವರ್ಷಾ ವರ್ಷಾ ಹೊಸವು ಹುಟ್ತಾವೆ.”

“ಜಾತಿ ನೋಡದೆ ಬೆರೆಯಾಕೆ ಇದಕ್ಕೆ ಯಾರ ಅಂಜಿಕೆನೂ ಇಲ್ಲ ಅನ್ರಿ” ಎಂದೆ. ಡಾಕ್ಟರು ನಕ್ಕರು. ಭೀಮವ್ವ ಜೋರಾಗಿ ನಕ್ಕಳು.

ನಮ್ಮ ಕೋಳಿಗಳನ್ನು ಕೊಂದ ವೈರಸ್ಸಿನ ಎಂಟು ತುಂಡುಗಳಲ್ಲಿ ಎರಡು ಈ ಕಡೆಯ ಕೋಳಿಗಳಲ್ಲಿ ಇದುವರೆಗೆ ಸಿಕ್ಕಿಲ್ಲವಂತೆ. ದೂರದಿಂದ ಬರುವ ನೀರುಹಕ್ಕಿಗಳಲ್ಲಿ ಮಾತ್ರ ಸಿಕ್ಕಿವೆಯಂತೆ. ಜನವರಿಯಲ್ಲೇ ಡಾಕ್ಟರು ಕೆರೆಯ ಅಂಚಿನಲ್ಲಿ ಸತ್ತು ಬಿದ್ದಿದ್ದ ಒಂದು ಹೆಬ್ಬಾತಿನ ಮಾದರಿಯನ್ನೂ ಕಳಿಸಿದ್ದರು. ಅದರೊಳಗೆ ಅವೇ ಎಂಟು ತುಂಡು.

“ಇನ್ನೊಂದು ಐತೆ. ವೈರಸ್ ತನ್ನ ನಕಲು ತಾನೇ ಮಾಡ್ಕೊಂತೈತೆ. ಹದಿಮೂರು ಸಾವಿರಕ್ಕೂ ಹೆಚ್ಚು ಅಕ್ಷರ. ಮಾಡುವಾಗ ಒಂದೊಂದು ತಪ್ಪು ಬೀಳ್ತೈತೆ. ಆ ತಪ್ಪು ಮುಂದಿನ ನಕಲಿಗೂ ಹೋಗ್ತೈತೆ. ತಪ್ಪು ನೋಡಿ ಯಾರಿಂದ ಯಾರಿಗೆ ಹೋತು ಅಂತ ಹೇಳಬಹುದು.”

ಇದು ನನಗೆ ಥಟ್ಟನೆ ಅರ್ಥವಾಯಿತು. ನನ್ನ ಗುರೆಳ್ಳು ಚಟ್ನಿಪುಡಿಯ ಅಳತೆಯನ್ನು ಬಡಾವಣೆಯ ಅರ್ಧ ಹೆಂಗಸರು ಬರೆದುಕೊಂಡಿದ್ದಾರೆ. ಒಂದು ಸಲ ನಾನು ಮೆಂತ್ಯ ಹೆಚ್ಚಿಗೆ ಬರೆದುಕೊಟ್ಟಿದ್ದೆ. ನನ್ನಿಂದ ಬರೆದುಕೊಂಡವರ ಪುಡಿ ಎಲ್ಲವೂ ಕಹಿ. ಅವರಲ್ಲೊಬ್ಬಳು ಇಂಗನ್ನೂ ಎರಡು ಪಾಲು ಬರೆದುಕೊಂಡಳು, ಅವಳಿಂದ ತೆಗೆದುಕೊಂಡವರದು ಕಹಿಯ ಜೊತೆಗೆ ಇಂಗಿನ ಘಾಟು. ನಾಲಿಗೆಗೆ ಇಟ್ಟರೆ ಸಾಕು, ಯಾರು ಯಾರ ಮನೆಯಿಂದ ಬರೆದುಕೊಂಡರೆಂದು ನಾನು ಹೇಳುತ್ತೇನೆ. ಡಾಕ್ಟರಿಗೆ ಇದನ್ನು ಹೇಳಿದೆ. “ನಮ್ಮ ಪ್ರೊಫೆಸರು ಹಿಂಗೆ ಹೇಳಿದ್ರೆ ನಾನು ಒಂದೇ ಸಲಕ್ಕೆ ಪಾಸಾಗ್ತಿದ್ದೆ” ಎಂದರು. ಆಮೇಲೆ ನಗಲಿಲ್ಲ.

“ಹೆಬ್ಬಾತಿನ ಬರಹಕ್ಕೂ ನಿಮ್ಮ ಶೆಡ್ಡಿನ ಕೋಳಿ ಬರಹಕ್ಕೂ ಮೂರು ಅಕ್ಷರ ವ್ಯತ್ಯಾಸ. ಸುಗ್ರಾಬಿಯವರ ಕೋಳಿಯೊಳಗೆ ಆ ಮೂರೂ ಅದಾವೆ, ಮೇಲೆ ಇನ್ನೆರಡು ಹೊಸವು.”

ಮೆಂತ್ಯದ ಕಹಿ ನನ್ನದು, ಇಂಗಿನ ಘಾಟು ಅವರದು. ಡಾಕ್ಟರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದರು.

“ನೌಮಾನ್ ಮನೆಯಿಂದ ನಿಮ್ಮ ಶೆಡ್ಡಿಗೆ ಬಂದಿಲ್ಲಮ್ಮಾ. ನಿಮ್ಮ ಶೆಡ್ಡಿಂದ ಅವರ ಮನೆಗೆ ಹೋಗೈತೆ. ನಡುವೆ ನಾವು ನೋಡದಿರೋ ಹಕ್ಕಿ ಒಂದೋ ಎರಡೋ ಇರಬಹುದು, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಬಂದ ದಿಕ್ಕು ಇದೇ.”

ಹೇಗೆ ಹೋಯಿತೆಂಬುದು ನನಗೆ ಗೊತ್ತಿತ್ತು. ಪ್ರತಿ ವಾರ ಒಡಕು ಮೊಟ್ಟೆಗಳನ್ನು ಒಂದು ಟ್ರೇ ತುಂಬ ನಾನೇ ನೌಮಾನನಿಗೆ ಕೊಡುತ್ತಿದ್ದೆ. ಚಿಪ್ಪನ್ನು ಅವನ ತಾಯಿ ಪುಡಿ ಮಾಡಿ ಕೋಳಿಗೆ ಹಾಕುತ್ತಿದ್ದಳು. ದೊಡ್ಡ ಮನಸ್ಸಿನಿಂದ ಕೊಡುತ್ತಿದ್ದೆ.

“ಕೆರೆಯಿಂದ ಶೆಡ್ಡಿಗೆ ಹೆಂಗೆ ಬಂತು ಅನ್ನೋದೊಂದೇ ಗೊತ್ತಾಗ್ತಿಲ್ಲ. ಕೆರೆಗೂ ನಿಮಗೂ ಸಂಬಂಧ ಇಲ್ಲ ಅಂದಿದ್ರಿ.”

ಭೀಮವ್ವ ನೆಲ ನೋಡುತ್ತಿದ್ದಳು. ಹದಿನೈದು ವರ್ಷ ಜೊತೆಗಿದ್ದವಳ ನೆತ್ತಿ ನೋಡಿದರೂ ಮನಸ್ಸಿನಲ್ಲಿರುವುದು ತಿಳಿಯುತ್ತದೆ. “ಹೇಳೇ” ಎಂದೆ. “ನೀವೇ ಹೇಳ್ರಿ ಅಮ್ಮಾರೆ” ಎಂದಳು.

ಹೇಳಿದೆ. ಸೋಮವಾರದ ದಾಸೋಹ, ಕೆರೆಯಂಚಿನ ಕೆಸರು, ಹೆಬ್ಬಾತುಗಳ ಹಿಕ್ಕೆ, ಅದೇ ಬಕೆಟ್ಟು, ಅದೇ ಚಪ್ಪಲಿಯಲ್ಲಿ ನೇರ ಶೆಡ್ಡಿಗೆ.

“ಶೆಡ್ಡಿಗೆ ಹೋಗೋ ಮುಂಚೆ ಕಾಲು ತೊಳ್ಕೊಂತಿದ್ರಾ?”

“ಶೆಡ್ಡಿಂದ ಮನೆಗೆ ಹೋಗುವಾಗ ತೊಳ್ಕೊಂತೀನ್ರಿ. ಸ್ನಾನನೇ ಮಾಡ್ತೀನಿ.”

ಆ ಮಾತು ನನ್ನ ಕಿವಿಗೇ ಬಿತ್ತು. ಹದಿನೆಂಟು ವರ್ಷ ಕೋಳಿಯ ಮೈಲಿಗೆ ಮನೆಗೆ ಬರದಂತೆ ಕಾದೆ. ನಮ್ಮ ಮೈಲಿಗೆ ಕೋಳಿಗೆ ಹೋಗಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಡಾಕ್ಟರು ಬೈಯಲಿಲ್ಲ. ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟರು.

ಮಾರ್ಚ್ 5, ಗುರುವಾರ

ಅವನು ಬೇಲಿ ಹಿಡಿದು ಅತ್ತ. ನಾನು ಕ್ಷಮಿಸಿದೆ. ನಾನು!

ಮಾರ್ಚ್ 6, ಶುಕ್ರವಾರ

ಕೊಟ್ಟೂರೇಶನಿಗೆ ಎಲ್ಲವನ್ನೂ ಹೇಳಿದೆ. ಮಾಲತೇಶಪ್ಪನವರಿಗೂ ಸಂಘದವರಿಗೂ ಹೇಳುತ್ತೇನೆ ಎಂದೆ.

“ಅಮ್ಮ, ನಿನಗೆ ತಲೆ ಸರಿ ಐತಾ? ರಿಪೋರ್ಟ್ ಸರ್ಕಾರದ ಫೈಲ್‌ನಾಗೆ ಇರ್ತೈತೆ, ಯಾರೂ ತೆಗೆದು ಓದಲ್ಲ. ಮಾಲತೇಶಪ್ಪ ಕಾಕಾಗೆ ಗೊತ್ತಾದ್ರೆ ನಮ್ಮ ದಾರಿ ಬಂದ್ ಮಾಡ್ತಾನೆ, ಫಾರಂ ಬಾಗಿಲು ಹಾಕಬೇಕಾಗ್ತೈತೆ.”

ಅವನು ಹೇಳುವುದು ಸುಳ್ಳಲ್ಲ. ನಮ್ಮ ಫಾರಂಗೆ ಗಾಡಿ ಹೋಗುವ ದಾರಿ ಮಾಲತೇಶಪ್ಪನವರ ಹೊಲದ ನಡುವೆ ಇದೆ. ಅವರ ಬಾಯಿಮಾತಿನ ಒಪ್ಪಿಗೆ ಬಿಟ್ಟರೆ ನಮಗೆ ಬೇರೆ ಹಕ್ಕಿಲ್ಲ. ಮಗನ ಮೇಲೆ ಸಿಟ್ಟು ಬರಲಿಲ್ಲ. ಅವನ ಹೆದರಿಕೆ ನನಗೂ ಇದೆ.

ಭೀಮವ್ವನಿಗೆ ಫೋನ್ ಮಾಡಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ.

“ನನ್ನ ಕೇಳ್ತೀರಾ?”

“ನಿನ್ನೇ.”

“ನೌಮಾನ್ ಗಾಡಿ ನಿಲ್ಸಿ ಎಪಿಎಂಸಿನಾಗೆ ಮೂಟೆ ಹೊರಾಕತ್ಯಾನಂತ್ರಿ” ಎಂದಳು.

“ನಾನು ಕೆರೆಗೆ ಹೋಗ್ತೀನಿ ಅಂತ ನಿನಗೆ ಗೊತ್ತಿತ್ತು. ಅವತ್ತೇ ಯಾಕ ಹೇಳ್ಲಿಲ್ಲ?”

“ಪುಣ್ಯದ ಕೆಲಸ ಅಂತಿದ್ರಿ. ನಾನು ಬ್ಯಾಡ ಅಂದಿದ್ರೆ ಕೇಳ್ತಿದ್ರೇನು?”

ಕೇಳುತ್ತಿರಲಿಲ್ಲ.

ಮಾರ್ಚ್ 8, ಭಾನುವಾರ

ಹರಿಹರಕ್ಕೆ ಹೋಗಿದ್ದೆ. ಕೊಟ್ಟೂರೇಶ ಬರುವುದಿಲ್ಲ ಎಂದ, ಬಸ್ಸಿನಲ್ಲಿ ಹೋದೆ. ಭೀಮವ್ವ ಬಾತಿಯಲ್ಲಿ ಹತ್ತಿಕೊಂಡಳು. ಸುಗ್ರಾಬಿಯ ಮನೆ ಹೊಳೆಯ ಕಡೆಯ ಒಂದು ಸಂದಿಯಲ್ಲಿದೆ. ಹದಿನೆಂಟು ವರ್ಷದಲ್ಲಿ ಇದೇ ಮೊದಲು ನೋಡಿದ್ದು. ಹಿತ್ತಲಲ್ಲಿ ಖಾಲಿ ಕೋಳಿಗೂಡನ್ನು ತೊಳೆದು ಬಿಸಿಲಿಗೆ ಒರಗಿಸಿದ್ದರು.

“ಬರ್ರಿ ಅಮ್ಮಾ, ಕೂಡ್ರಿ” ಎಂದು ಚಾಪೆ ಕೊಡವಿ ಹಾಸಿದರು. ರಂಜಾನ್ ಉಪವಾಸದಲ್ಲಿದ್ದರೂ ನಮಗೆ ಶರಬತ್ತು ಮಾಡಿ ತಂದರು. ಕುಡಿದೆವು. ಆಮೇಲೆ ಹೇಳಿದೆ, ಹೆಬ್ಬಾತಿನಿಂದ ಹಿಡಿದು ಒಡಕು ಮೊಟ್ಟೆಯವರೆಗೆ.

ಅವರು ಖಾಲಿ ಲೋಟಗಳನ್ನು ಎತ್ತಿ ಪಕ್ಕಕ್ಕಿಟ್ಟರು.

“ಕೋಳಿ ಹೋದ್ವು, ಹೋಗ್ಲಿ ಅಮ್ಮಾ. ನನ್ನ ಮಗ ತನ್ನ ಮಗಳನ್ನ ಎತ್ಕೊಳ್ದೆ ಒಂದೂವರೆ ತಿಂಗಳಾತು.”

ಬುಷ್ರಾ ನೌಮಾನನ ಮಗಳು, ನಾಲ್ಕು ವರ್ಷ. ಬಾಗಿಲ ಹಿಂದಿನಿಂದ ಇಣುಕುತ್ತಿದ್ದಳು.

“ನನ್ನ ಕೈಯಾಗೆ ಬೀಮಾರಿ ಐತೆ, ಸಾವಿರಾರು ಜೀವ ತಗೊಂಡೀನಿ, ಕೂಸಿನ್ನ ಮುಟ್ಟಲ್ಲ ಅಂತಾನೆ. ಡಾಕ್ಟರು ಏನಿಲ್ಲ ಅಂದ್ರೂ ಕೇಳಲ್ಲ. ನಾನು ಹೇಳಿದ್ರೆ, ನೀನು ತಾಯಿ, ಹಂಗೇ ಹೇಳ್ತಿ ಅಂತಾನೆ. ಇಲ್ಲಿ ನನ್ನ ಮುಂದ ಹೇಳಿದ್ದು ಸಾಲದು ಅಮ್ಮಾ. ಯಾರ ಮುಂದ ಆತನ ಹೆಸರು ಹೋತೋ, ಅವರ ಮುಂದ ಹೇಳ್ರಿ.”

ಹೂಂ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಬೈದಿದ್ದರೆ ಹಗುರವಾಗುತ್ತಿದ್ದೆ. ಆದರೂ ಹೀಗೆ ನೇರವಾಗಿ ಕೇಳಿದ್ದಕ್ಕೆ ಸುಗ್ರಾಬಿಯವರಿಗೆ ನಾನು ಎಷ್ಟು ಋಣಿಯೋ ಹೇಳಲಾರೆ. ಏನು ಮಾಡಬೇಕೆಂದು ಎರಡು ದಿನದಿಂದ ಶಿವನನ್ನು ಕೇಳುತ್ತಿದ್ದೆ, ಅವನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಮಾರ್ಚ್ 11, ಬುಧವಾರ

ಫಾರಂಗಳನ್ನು ಮತ್ತೆ ಶುರು ಮಾಡುವ ನಿಯಮ ತಿಳಿಸಲು ಸುನೀತಾ ಡಾಕ್ಟರು ಹರಿಹರದಲ್ಲಿ ಸಭೆ ಕರೆದಿದ್ದರು. ಹದಿನೆಂಟು ಫಾರಂನವರು ಬಂದಿದ್ದರು. ಟ್ರೇ ತೊಳೆಯುವ ಕ್ರಮ ಹೇಳಿಕೊಡಲು ಗಾಡಿಯವರನ್ನೂ ಕರೆದಿದ್ದರು. ನೌಮಾನ್ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ನಿಂತಿದ್ದ. ಕುರ್ಚಿ ಖಾಲಿ ಇದ್ದವು. ನಾನು, ನನ್ನ ಪಕ್ಕದಲ್ಲಿ ಭೀಮವ್ವ, ಮುಂದಿನ ಸಾಲಿನಲ್ಲಿ ಕೂತಿದ್ದೆವು. ಕೊನೆಗೆ ಕೊಟ್ಟೂರೇಶನೂ ಬಂದು ಹಿಂದೆ ಕೂತ.

ಮಾಲತೇಶಪ್ಪ ಎದ್ದು ಹೇಳಿದರು, “ನಿಯಮ ಎಲ್ಲ ಸರಿ. ಮೊದಲು ರೋಗ ತಂದವರನ್ನ ದೂರ ಇಡಬೇಕು. ಅದು ಯಾರು ಅಂತ ಎಲ್ಲರಿಗೂ ಗೊತ್ತೈತೆ.” ನಾಲ್ಕೈದು ಜನ ಹಿಂದೆ ತಿರುಗಿ ನೋಡಿದರು. ನೌಮಾನ್ ತಲೆ ತಗ್ಗಿಸಿದ.

ನಾನು ಎದ್ದೆ. ಭೀಮವ್ವ ನನ್ನ ಸೆರಗು ಹಿಡಿದುಕೊಂಡಿದ್ದಳು.

“ರೋಗ ತಂದಾಕಿ ನಾನು. ಕೆರೆ ಹೆಬ್ಬಾತಿಗೆ ಕಾಳು ಹಾಕಿ, ಅದೇ ಕಾಲಾಗೆ, ಅದೇ ಬಕೆಟ್ ಹಿಡ್ಕೊಂಡು ಶೆಡ್ಡಿಗೆ ಹೋದೆ. ನನ್ನ ಶೆಡ್ಡಿಂದ ನೌಮಾನ್ ಮನೆಗೆ ಹೋತು, ಅವರ ಮನೆಯಿಂದ ನನಗೆ ಬಂದಿಲ್ಲ. ವೈರಸ್ಸಿನ ಬರಹದಾಗೆ ಅದು ಐತೆ, ಡಾಕ್ಟರು ತೋರಿಸ್ತಾರೆ. ನೌಮಾನ್ ಅಂತ ಮೊದಲು ಹೇಳಿದ ಬಾಯಿ ನಂದು. ಮಾಲತೇಶಪ್ಪನೋರೆ, ನಿಮ್ಮ ಒಂಬತ್ತು ಸಾವಿರ ಕೋಳಿ ಹೋಗಿದ್ದೂ ನನ್ನಿಂದ.”

ಡಾಕ್ಟರು ಬೋರ್ಡಿನ ಮೇಲೆ ಎಂಟು ಗೆರೆ ಎಳೆದು, ಮೂರು ಅಕ್ಷರ, ಮೇಲೆ ಎರಡು ಅಕ್ಷರ ಬರೆದು ವಿವರಿಸಿದರು. ಯಾವ ದೇವರೂ ಬಾಯಿಬಿಡದ ಜಾಗದಲ್ಲಿ ಆ ಐದು ತಪ್ಪು ಅಕ್ಷರ ಸಾಕ್ಷಿ ಹೇಳಿದವು. ಅವುಗಳಿಗೂ ನಾನು ಕೈ ಮುಗಿಯುತ್ತೇನೆ.

ಮಾಲತೇಶಪ್ಪ ನನ್ನನ್ನು ನೋಡುತ್ತಾ ನಿಂತಿದ್ದರು. “ಇವತ್ತು ನಿಮ್ಮ ಜೊತೆ ಮಾತಾಡಾಕೆ ನನ್ನಿಂದ ಆಗಲ್ಲ ಕಸ್ತೂರಮ್ಮ” ಎಂದು ಹೊರಟರು. ಬಾಗಿಲಲ್ಲಿ ನೌಮಾನನ ಮುಂದೆ ಒಂದು ಗಳಿಗೆ ನಿಂತು, ಅವನ ಭುಜ ಮುಟ್ಟಿ ಹೋದರು. ದಾರಿಯ ವಿಷಯ ಏನಾಗುತ್ತದೋ ಗೊತ್ತಿಲ್ಲ. ಕೊಟ್ಟೂರೇಶ ನನಗೆ ನೀರಿನ ಬಾಟಲಿ ಕೊಟ್ಟ. ಅದಕ್ಕೂ ಉಪಕಾರ.

ನೌಮಾನನ ಹತ್ತಿರ ಹೋದೆ. “ನೀನು ಮಾಫಿ ಕೇಳಿದ್ದೆ, ನಾನು ಕೊಟ್ಟಿದ್ದೆ. ಕೊಡಾಕೆ ನನ್ನ ಹತ್ರ ಏನಿತ್ತಪ್ಪ? ಈಗ ನಾನು ಕೇಳ್ತೀನಿ” ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಬೋರ್ಡನ್ನೇ ನೋಡುತ್ತಿದ್ದ. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದ.

“ಅಮ್ಮೀ, ಮೈ ನೈ ಲಾಯಾ” ಎಂದ. ನಾನು ತಂದಿದ್ದಲ್ಲ. ಅಷ್ಟು ಉರ್ದು ನನಗೂ ಬರುತ್ತದೆ. “ಮೈ ನೈ, ಅಮ್ಮೀ. ಬುಷ್ರಾ ಕು ದೇ.” ಫೋನನ್ನು ಬುಷ್ರಾಳಿಗೆ ಕೊಡೆಂದ.

ಮಗು ಫೋನಿಗೆ ಬಂದ ಮೇಲೆ ಅವನು ಫೋನನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡ. ಆ ಕಡೆಯಿಂದ ಅವಳು ಅಬ್ಬಾ, ಅಬ್ಬಾ ಎಂದು ಕೂಗುತ್ತಿದ್ದುದು ನಾನು ನಿಂತಲ್ಲಿಗೂ ಕೇಳಿಸುತ್ತಿತ್ತು.